ಐದನೆಯ ಗುಂಡಿ

ಮನುಷ್ಯ ದಪ್ಪಗಾಗುವುದು ಅವನಿಗೆ ತಿಳಿಯುವುದಿಲ್ಲ. ಊರಿಗೆ ತಿಳಿಯುತ್ತದೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನಿಗೆ ತಿಳಿಯುತ್ತದೆ, ಮನೆಯ ಮಂಚಕ್ಕೆ ತಿಳಿಯುತ್ತದೆ. ಅವನಿಗೆ ಮಾತ್ರ ತಿಳಿಯುವುದಿಲ್ಲ. ತೆಳ್ಳಗಾಗುವುದು ಹಾಗಲ್ಲ. ಕೂದಲೆಳೆಯಷ್ಟು ಇಳಿದರೂ ಮೊದಲು ತಿಳಿಯುವುದು ಅವನಿಗೇ. ಇಳಿಯದೆ ಇದ್ದರೂ ತಿಳಿಯುತ್ತದೆ. ಈ ಎರಡನೆಯ ಬಗೆಯ ತಿಳಿವಳಿಕೆ ನನಗೆ ಯುದ್ಧದ ಕಾಲದಲ್ಲಿ ಐದು ತಿಂಗಳು ಇತ್ತು. ಅಷ್ಟು ಸಂತೋಷವಾಗಿ ನಾನು ಬೇರೆ ಯಾವ ಐದು ತಿಂಗಳನ್ನೂ ಕಳೆದಿಲ್ಲವಾದ್ದರಿಂದ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ನನ್ನ ಉದ್ಯೋಗವೇ ತೂಕದ್ದು. ಮಂಡ್ಯದಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಯಂತ್ರದ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಆ ಕೋಣೆಯಲ್ಲಿ ಒಂದು ಕುರ್ಚಿ, ಆ ಕುರ್ಚಿಯಲ್ಲಿ ನಾನು. ಬೆಸಗರಹಳ್ಳಿಯ ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತೆಗೆದುಕೊಂಡವನು ನಾನೇ ಮೊದಲಿಗ. ಅಪ್ಪ, ದೊಡ್ಡಪ್ಪಂದಿರೆಲ್ಲ ನೇಗಿಲಿನ ಹಿಂದೆ ನಡೆದು ನಡೆದು ಮೈಯಲ್ಲಿ ಒಂದು ಹಿಡಿ ಹೆಚ್ಚಿನ ಮಾಂಸವಿಲ್ಲದೆ ಬದುಕಿದರು. ಅವರು ಉಣ್ಣುತ್ತಿದ್ದಷ್ಟೇ ಮುದ್ದೆಯನ್ನು ನಾನೂ ಉಣ್ಣುತ್ತಿದ್ದೆ. ನಡೆಯುವುದನ್ನು ಮಾತ್ರ ಎತ್ತುಗಳಿಗೆ ಬಿಟ್ಟಿದ್ದೆ. ಗಾಡಿ ಗೇಟಿನಲ್ಲಿ ತಿರುಗುವಾಗ ಅಚ್ಚು ಬಾಗಿರುವುದನ್ನು ನೋಡಿಯೇ ಇದರಲ್ಲಿ ಇಷ್ಟು ಕಬ್ಬಿದೆ ಎಂದು ಹೇಳಿಬಿಡುತ್ತಿದ್ದೆ. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. "ಗೌಡ್ರ ಕಣ್ಣೇ ತಕ್ಡಿ ಕಣ್ಲಾ" ಎಂದು ರೈತರು ತಮ್ಮತಮ್ಮಲ್ಲೇ ಅನ್ನುವುದು ಕಿವಿಗೆ ಬಿದ್ದಾಗ ನಾನು ಕೇಳದವನಂತೆ ಮುಖ ಮಾಡಿಕೊಳ್ಳುತ್ತಿದ್ದೆ. ಆ ಕಣ್ಣಿಗೆ ಕಾಣದೆ ಉಳಿದ ಭಾರ ಒಂದೇ ಒಂದು. ಅದು ಕಣ್ಣಿಗಿಂತ ಒಂದು ಮೊಳ ಕೆಳಗಿತ್ತು.

ನನ್ನ ಹತ್ತಿರ ಎರಡು ಕೋಟು ಇದ್ದವು. ಒಂದು ಕಂದು ಬಣ್ಣದ್ದು, ದಿನವೂ ಕೆಲಸಕ್ಕೆ ಹಾಕುವಂಥದ್ದು. ಗುಂಡಿಗಳ ವಿಷಯದಲ್ಲಿ ನಾನೂ ಅದೂ ಬಹಳ ಹಿಂದೆಯೇ ರಾಜಿಯಾಗಿ, ಮೇಲಿನ ಮೂರು ಹಾಕುವುದು, ಕೆಳಗಿನ ಎರಡು ಬಿಡುವುದು ಎಂದು ಒಪ್ಪಂದ ಮಾಡಿಕೊಂಡಿದ್ದೆವು. ಇನ್ನೊಂದು ಬಿಳಿಯ ಡ್ರಿಲ್ ಬಟ್ಟೆಯ ಮುಚ್ಚುಕೋಟು, ಕೆಲಸ ಖಾಯಮಾದ ವರ್ಷ ಹೊಲಿಸಿದ್ದು. ಅಳತೆ ತೆಗೆದುಕೊಂಡ ದರ್ಜಿ ಸಾಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಖಾಯಂ ಆಯ್ತಾ ಸ್ವಾಮಿ? ಹಂಗಾದ್ರೆ ಒಳಹೊಲಿಗೇಲಿ ಒಂದಿಷ್ಟು ಬಟ್ಟೆ ಬಿಟ್ಟಿರ್ತೀನಿ" ಎಂದಿದ್ದರು. ಖಾಯಮಾದವರಿಗೆಲ್ಲ ಅವರು ಹಾಗೆ ಬಿಡುತ್ತಿದ್ದರಂತೆ. ಆಗ ಬಳುಕುವ ಸೊಂಟದವನಾಗಿದ್ದ ನನಗೆ ಆ ಮಾತು ಹಿಡಿಸಲಿಲ್ಲ, ಮರೆತುಬಿಟ್ಟೆ. ಕೋಟಿಗೆ ಐದು ಗುಂಡಿ. ನಾಲ್ಕು ಬಿಳಿಯವು. ಐದನೆಯದು ಹೊಟ್ಟೆಯ ಮೇಲೆ ಬರುವಂಥದ್ದು. ಮೊದಲಿದ್ದ ಐದನೆಯ ಗುಂಡಿ, ಒಂದು ದಿನ ಸಾಹೇಬರ ಮುಂದೆ ಬಿದ್ದ ಚೀಟಿಯನ್ನು ಎತ್ತಿಕೊಡಲು ನಾನು ಬಗ್ಗಿದಾಗ ಹಾರಿಹೋಗಿ, ಅವರ ನೀರಿನ ಲೋಟಕ್ಕೆ ಟಣ್ಣೆಂದು ಬಡಿದು ಮಾಯವಾಯಿತು. ಆ ಜಾಗಕ್ಕೆ ನಮ್ಮ ಮನೆಯವಳು, ಮಗಳು ಜಯ ಚಿಕ್ಕವಳಿದ್ದಾಗ ಹಾಕುತ್ತಿದ್ದ ಗೌನಿನ ಗುಂಡಿಯನ್ನು ತಂದು ಹೊಲಿದಳು. ನೀಲಿ ಗಾಜಿನದು, ನಡುವೆ ಒಂದು ಬಿಳಿ ಹೂವು. "ಎಂಗೂ ನೀವು ಅದ್ನ ಆಕ್ಕಳಾಕಿಲ್ಲ. ಯಾವ್ದಾದ್ರೇನು?" ಎಂಬುದು ಅವಳ ವಾದವಾಗಿತ್ತು.

ಹೀಗೆ ನೀಲಿ ಗುಂಡಿಯ ಕೋಟು ಟ್ರಂಕಿನಲ್ಲಿ ತಣ್ಣಗೆ ಮಲಗಿದ್ದಾಗ ಜಯನಿಗೆ ಒಂದು ಸಂಬಂಧ ಬಂತು. ಮಳವಳ್ಳಿ ಕಡೆಯವರು. ಹುಡುಗ ಮಿಡ್ಲ್‌ಸ್ಕೂಲಿನಲ್ಲಿ ಮೇಷ್ಟ್ರು, ಬೀಡಿ ಸೇದುವುದಿಲ್ಲ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಅವನೂ ಅವನ ತಾಯಿಯೂ ಬಂದು ಹುಡುಗಿಯನ್ನು ನೋಡಿ ಒಪ್ಪಿಕೊಂಡು ಹೋದರು. ಜಯನೂ ಒಪ್ಪಿದ್ದಳು; ಅವಳು ಅಡುಗೆಮನೆಯಲ್ಲಿ ಹಾಡಿಕೊಳ್ಳಲು ಶುರುಮಾಡಿದ್ದೇ ಅದಕ್ಕೆ ಸಾಕ್ಷಿ. ಹುಡುಗನ ತಂದೆ ಪುಟ್ಟೇಗೌಡರು ಮಾತ್ರ ಅವತ್ತು ಯಾವುದೋ ಮದುವೆಗೆ ಹೋಗಿದ್ದರಿಂದ ಬಂದಿರಲಿಲ್ಲ. ಶ್ರಾವಣದಲ್ಲಿ ವೀಳ್ಯಶಾಸ್ತ್ರಕ್ಕೆ ಅವರೇ ಬರುತ್ತಾರೆ, ಬಹಳ ಮರ್ಯಾದಸ್ಥರು, ಎದುರುಗೊಳ್ಳುವುದರಲ್ಲಿ ಒಂದು ಕೂದಲು ಹೆಚ್ಚುಕಡಿಮೆಯಾದರೂ ಸಹಿಸುವವರಲ್ಲ ಎಂದು ನಡುವಿನವರು ಹೆದರಿಸಿ ಹೋದರು. ನನಗೆ ಒಳಗೇ ಭಯವಾಯಿತು. ಇರುವವಳು ಒಬ್ಬಳೇ ಮಗಳು. ಬಂದಿರುವುದು ಇಂಥ ಸಂಬಂಧ. ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಳ್ಳುವ ಹೆಣ್ಣಿನ ಅಪ್ಪ ಹೊಟ್ಟೆಯ ಮೇಲೆ ಕೋಟು ಬಿಚ್ಚಿಕೊಂಡು ನಿಂತರೆ ಅವರು ಏನೆಂದುಕೊಳ್ಳುತ್ತಾರೆ?

ಹೊಸ ಕೋಟು ಹೊಲಿಸೋಣವೆಂದರೆ ಆ ಕಾಲದಲ್ಲಿ ಬಟ್ಟೆ ಎಲ್ಲಿತ್ತು? ಚೀಟಿ ಹಿಡಿದು ಸಾಲಿನಲ್ಲಿ ನಿಂತರೆ ಗಜದ ಲೆಕ್ಕದಲ್ಲಿ ಏನೋ ಒಂದಿಷ್ಟು ಕೊಡುತ್ತಿದ್ದರು. ಅದೂ ಜಯನ ಸೀರೆ ಕುಪ್ಪಸಕ್ಕೇ ಸಾಲದು. ಟ್ರಂಕು ತೆಗೆದು ಬಿಳಿ ಕೋಟನ್ನು ಹಾಕಿ ನೋಡಿದೆ. ಮೂರು ಗುಂಡಿ ಬಿದ್ದವು. ನಾಲ್ಕನೆಯದು ಒಲ್ಲೆನೆಂದಿತು. ಐದನೆಯದಕ್ಕೂ ಅದರ ಕಾಜಕ್ಕೂ ನಡುವೆ ನಾಲ್ಕು ಬೆರಳು ದೂರವಿತ್ತು.

"ದರ್ಜಿ ತಾವ ಕೊಟ್ರೆ ಒಲಿಗೆ ಬಿಚ್ಚಿ ಅಗ್ಲ ಮಾಡ್ಕೊಡ್ತಾನೆ" ಎಂದಳು ಮನೆಯವಳು.

"ಕೋಟು ನನಗೆ ತಕ್ಕ ಹಾಗೆ ಆಗಬೇಕಾಗಿಲ್ಲ. ನಾನೇ ಕೋಟಿಗೆ ತಕ್ಕ ಹಾಗೆ ಆಗ್ತೀನಿ" ಎಂದೆ. ಮಾತು ಬಾಯಿಂದ ಬಂದಮೇಲೆ ಬಹಳ ದೊಡ್ಡದಾಗಿ ಕೇಳಿಸಿತು. ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

"ಆಗಿ ಮತ್ತೆ" ಎಂದು ಅವಳು ಒಳಗೆ ಹೋದಳು.

ಯುಗಾದಿ ಕಳೆದ ಮಾರನೆಯ ದಿನದಿಂದ ನನ್ನ ಪಥ್ಯ ಶುರುವಾಯಿತು. ರಾತ್ರಿಯ ಎರಡು ಮುದ್ದೆಯನ್ನು ಒಂದಕ್ಕೆ ಇಳಿಸಿದೆ. ನಮ್ಮ ಕಡೆ ಗಂಡಸು ಒಂದು ಮುದ್ದೆಗೆ ಎಲೆ ಮಡಿಸಿದರೆ ಮನೆಯಲ್ಲಿ ಜ್ವರವೋ ಜಗಳವೋ ಇದೆ ಎಂದು ಅರ್ಥ. ಮನೆಯವಳು ಮುಖ ಊದಿಸಿಕೊಂಡಳು, ಆದರೆ ತಟ್ಟೆಗೆ ಒಂದೇ ಮುದ್ದೆ ಇಟ್ಟಳು. ಸಂಜೆ ನಾಲೆಯ ಏರಿಯ ಮೇಲೆ ನಡೆಯಲು ಹೋಗುತ್ತಿದ್ದೆ. ಊರಿಗೆ ಹೋಗಲು ಮದ್ದೂರು ಸ್ಟೇಷನ್ನಿನಲ್ಲಿ ಇಳಿದರೆ ವಡೆ ಮಾರುವವನ ಕಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ವಡೆಯ ವಾಸನೆಗೆ ಎದೆಯೂ ಒಂದೇ ಬೆನ್ನೂ ಒಂದೇ ಎಂದು ಆಗ ತಿಳಿಯಿತು. ಆದರೂ ಕೊಳ್ಳಲಿಲ್ಲ. ಒಂದು ಸಲ ಮಾತ್ರ ಕೊಂಡೆ. ಅದು ಜೊತೆಯಲ್ಲಿದ್ದವರ ಬಲವಂತಕ್ಕೆ.

ಇಳಿದದ್ದನ್ನು ತಿಳಿಯುವುದು ಹೇಗೆ? ಮೊದಲು ನಮ್ಮ ತೂಕದ ಯಂತ್ರವನ್ನೇ ಪರೀಕ್ಷಿಸಿದೆ. ಗಾಡಿಗಳಿಲ್ಲದ ಹೊತ್ತು ನೋಡಿ ಹಲಗೆಯ ನಟ್ಟನಡುವೆ ನಿಂತೆ. ಜೊತೆಯ ಗುಮಾಸ್ತ ನಂಜಪ್ಪ ಒಳಗೆ ಮುಳ್ಳು ನೋಡುತ್ತಿದ್ದ. ಬಹಳ ಹೊತ್ತು ನೋಡಿ ಕಿಟಕಿಯಿಂದ ತಲೆ ಹಾಕಿ, "ಗೌಡ್ರೇ, ಇದು ಟನ್ನಿನ ಲೆಕ್ಕದ್ದು, ನೀವು ಅದ್ರ ಕಣ್ಗೆ ಬೀಳ್ತಾ ಇಲ್ಲ. ಒಂದ್ ಜೊತೆ ಎತ್ತು ಹಿಡ್ಕಂಡು ನಿಂತ್ಕಳಿ, ಆಮೇಲೆ ಎತ್ತು ಕಳೆಯಾನ" ಎಂದ. ಅದು ನನಗೆ ಅವಮಾನವೆನಿಸಲಿಲ್ಲ. ಯಂತ್ರದ ಕಣ್ಣಿಗೆ ಬೀಳದಷ್ಟು ಸಣ್ಣವನಾಗಿದ್ದೇನೆ ಎಂಬುದೇ ಒಂದು ಸಮಾಧಾನವಾಗಿತ್ತು. ಕೊನೆಗೆ ಕೋಟನ್ನೇ ತಕ್ಕಡಿ ಮಾಡಿಕೊಂಡೆ. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಅಗಸರ ಮಲ್ಲಮ್ಮ ಒಗೆದು ಇಸ್ತ್ರಿ ಮಾಡಿ ತಂದ ಬಿಳಿ ಕೋಟನ್ನು ಹಾಕಿಕೊಳ್ಳುವುದು, ಗುಂಡಿಗೂ ಕಾಜಕ್ಕೂ ಇರುವ ದೂರವನ್ನು ಬೆರಳಿನಲ್ಲಿ ಅಳೆಯುವುದು, ಅವತ್ತೊಂದು ದಿನ ಅದನ್ನೇ ಕೆಲಸಕ್ಕೆ ಹಾಕಿಕೊಂಡು ಹೋಗುವುದು, ಸಂಜೆ ಮತ್ತೆ ಮಲ್ಲಮ್ಮನ ಗಂಟಿಗೆ ಹಾಕುವುದು. ಮಲ್ಲಮ್ಮ ನಮ್ಮ ಮನೆಗೆ ನನ್ನ ಮದುವೆಯ ಕಾಲದಿಂದ ಬರುತ್ತಿದ್ದವಳು. ಬಟ್ಟೆಗಿಂತ ಬಟ್ಟೆಯವರ ಗುಟ್ಟು ಅವಳಿಗೆ ಹೆಚ್ಚು ತಿಳಿದಿತ್ತು.

ಮೊದಲ ಸೋಮವಾರ ನಾಲ್ಕು ಬೆರಳು. ಎರಡನೆಯ ಸೋಮವಾರವೂ ನಾಲ್ಕು. ಮೂರನೆಯ ಸೋಮವಾರ ಮೂರೂವರೆ. ನನ್ನ ಬೆರಳನ್ನೇ ನಂಬದೆ ಜಯನನ್ನು ಕರೆದು ಅವಳ ಬೆರಳಿನಲ್ಲಿ ಅಳೆಸಿದೆ. ಅವಳ ಬೆರಳು ಸಣ್ಣ, ಲೆಕ್ಕ ನಾಲ್ಕೂವರೆ ಬಂತು. ಅವಳನ್ನು ಒಳಗೆ ಕಳಿಸಿದೆ. ವೈಶಾಖ ಕಳೆಯುವ ಹೊತ್ತಿಗೆ ನಾಲ್ಕನೆಯ ಗುಂಡಿ ಬಿದ್ದಿತು. ಆ ದಿನ ನಾನು ಕೆಲಸಕ್ಕೆ ಹೋಗುವಾಗ ಬೇಕೆಂದೇ ಪೇಟೆಯ ಬೀದಿ ಸುತ್ತಿಕೊಂಡು ಹೋದೆ. ಕಂಡಕಂಡವರ ಹತ್ತಿರ, "ಏನೋ ಒಂದು ಥರಾ ಹಗುರ ಅನ್ನಿಸ್ತಾ ಇದೆ, ಯಾಕೋ ಗೊತ್ತಿಲ್ಲ" ಎನ್ನುವುದು, ಅವರು ನೋಡುವಂತೆ ತಿರುಗಿ ನಿಲ್ಲುವುದು. ಒಬ್ಬರಾದರೂ ತಾವಾಗಿ 'ಸಣ್ಣಗಾಗಿದ್ದೀರಿ' ಎನ್ನಲಿಲ್ಲ. ಅದು ಹೊಟ್ಟೆಕಿಚ್ಚು ಎಂದುಕೊಂಡೆ.

ಆದರೆ ನನ್ನಲ್ಲಿ ಒಂದು ಕೆಟ್ಟ ಗುಣವಿದೆ. ಒಳ್ಳೆಯದು ನಡೆದರೂ ಅದು ಏಕೆ ನಡೆಯಿತು ಎಂದು ಕೆದಕದೆ ಇರಲಾರೆ. ಕೋಟು ಸಡಿಲವಾಗುತ್ತಿರುವುದು ನಿಜ. ಆದರೆ ಮಿಕ್ಕ ಸಾಕ್ಷಿಗಳು ಒಪ್ಪುತ್ತಿರಲಿಲ್ಲ. ಉಡುದಾರ ಮೊದಲು ಎಲ್ಲಿ ಕೊರೆಯುತ್ತಿತ್ತೋ ಅಲ್ಲೇ ಕೊರೆಯುತ್ತಿತ್ತು. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರುತ್ತಿರಲಿಲ್ಲ. ಕಂದು ಕೋಟಿನ ಕೆಳಗಿನ ಎರಡು ಗುಂಡಿ ಹಳೆಯ ಒಪ್ಪಂದವನ್ನು ಮುರಿಯಲು ಒಪ್ಪಲೇ ಇಲ್ಲ. ಮೂರು ಸಾಕ್ಷಿ ಒಂದು ಕಡೆ, ಒಂದು ಸಾಕ್ಷಿ ಒಂದು ಕಡೆ. ಬಹಳ ಯೋಚನೆ ಮಾಡಿದೆ. ಉಡುದಾರ ಹತ್ತಿಯ ನೂಲು, ನೀರು ಬಿದ್ದಷ್ಟೂ ಬಿಗಿಯುತ್ತದೆ. ಉಂಗುರ ಬೆರಳಿನ ವಿಷಯ ಹೇಳುತ್ತದೆಯೇ ಹೊರತು ಹೊಟ್ಟೆಯದಲ್ಲ. ಕಂದು ಕೋಟಿಗೆ ನನ್ನ ಮೇಲೆ ಮೊದಲಿನಿಂದಲೂ ಅಸಮಾಧಾನ. ಹೀಗೆ ಮೂರು ಸಾಕ್ಷಿಗಳನ್ನೂ ಹೊಡೆದುಹಾಕಿ ಬಿಳಿ ಕೋಟಿನ ಮಾತನ್ನೇ ಎತ್ತಿಹಿಡಿದೆ. ನ್ಯಾಯ ಹೇಳುವವನೇ ಫಿರ್ಯಾದಿಯೂ ಆದರೆ ತೀರ್ಪು ಬೇಗ ಬರುತ್ತದೆ.

ಇನ್ನೊಂದು ವಿಚಿತ್ರವೂ ಇತ್ತು. ಒಂದು ಸೋಮವಾರ ಕೋಟಿನ ಒಳಜೇಬಿನ ಮೂಲೆಯಲ್ಲಿ ಅರಿಸಿನ ಹತ್ತಿದ ನಾಲ್ಕು ಅಕ್ಕಿಕಾಳು ಸಿಕ್ಕಿದವು. ಇನ್ನೊಂದು ಸೋಮವಾರ ಅರ್ಧ ಅಡಿಕೆ. ಮತ್ತೊಂದು ಸಲ ಗಂಜಿಯ ವಾಸನೆಯ ಕೆಳಗೆ ಸಣ್ಣಗೆ ಪನ್ನೀರಿನ ವಾಸನೆ. ಮನೆಯವಳು ನನ್ನ ಒಳ್ಳೆಯದಕ್ಕೆ ಯಾವುದೋ ದೇವರಿಗೆ ಹರಸಿಕೊಂಡು ಅಕ್ಷತೆ ಇಡುತ್ತಿದ್ದಾಳೆ ಎಂದುಕೊಂಡು ಮನಸ್ಸು ಕರಗಿತು. ಅವಳ ಮನಸ್ಸು ಬೇರೆ ಕಡೆ ಹರಿದಿತ್ತು.

"ನಿಜ ಯೋಳಿ, ಯಾರ್ ಮನೆ ಮದ್ವೇಲಿ ಉಂಡ್ ಬತ್ತಾ ಇದ್ದೀರಿ?" ಎಂದು ಒಂದು ದಿನ ಅಂಗೈಯಲ್ಲಿ ಅಕ್ಷತೆ ಹಿಡಿದುಕೊಂಡು ಕೇಳಿದಳು. "ಮನೇಲಿ ಒಂದ್ ಮುದ್ದೆ ಅನ್ನಾದು, ಆಚೆ ಓಗಿ ಪಾಯ್ಸ ಓಳ್ಗೆ. ನಂಗೊತ್ತಾಗಾಕಿಲ್ವಾ?"

ದೇವರಾಣೆ ಮಾಡಿದೆ. ಅವಳು ನಂಬಲಿಲ್ಲ. ನಾನು ಆಣೆ ಮಾಡಿದ್ದು ಯಾವ ದೇವರ ಮೇಲೆ ಎಂದು ಕೇಳಿ, ಆ ದೇವರಿಗೆ ಅವಳೇ ತಪ್ಪುಕಾಣಿಕೆ ಕಟ್ಟಿಟ್ಟಳು.

ಆಷಾಢ ಬಂತು. ಆಷಾಢದಲ್ಲಿ ಕೋಟು ನಿಂತುಹೋಯಿತು. ಐದನೆಯ ಗುಂಡಿಗೂ ಕಾಜಕ್ಕೂ ಒಂದು ಬೆರಳು ಉಳಿದಿತ್ತು. ನಾಲ್ಕು ಸೋಮವಾರವೂ ಆ ಒಂದು ಬೆರಳು ಹಾಗೇ ಇತ್ತು. ಜೇಬಿನಲ್ಲಿ ಅಕ್ಷತೆಯೂ ಇಲ್ಲ, ಅಡಿಕೆಯೂ ಇಲ್ಲ. ಇಷ್ಟು ಸಾಕಲ್ಲವೇ, ಬುದ್ಧಿಯಿರುವವನಿಗೆ? ಆಷಾಢದಲ್ಲಿ ಯಾವುದು ನಿಲ್ಲುತ್ತದೆ ಎಂದು ನಮ್ಮ ಕಡೆ ಹಸುಮಕ್ಕಳಿಗೂ ಗೊತ್ತು. ನಾನು ಮಾತ್ರ ಆಷಾಢದ ಗಾಳಿ ಹಸಿವು ಹೆಚ್ಚಿಸುತ್ತದೆ, ಅದಕ್ಕೆ ಹೀಗಾಯಿತು ಎಂದು ತೀರ್ಮಾನಿಸಿ, ನಾಲೆಯ ಏರಿಯ ಮೇಲೆ ಇನ್ನೊಂದು ಮೈಲಿ ಹೆಚ್ಚು ನಡೆದೆ. ಶ್ರಾವಣ ಹುಟ್ಟಿದ್ದೇ ತಡ, ಎರಡನೆಯ ಸೋಮವಾರ ನೀಲಿ ಗುಂಡಿ ತಾನಾಗಿ ಕಾಜದೊಳಗೆ ಹೋಗಿ ಕೂತಿತು. ಉಸಿರು ಬಿಟ್ಟೆ, ಗುಂಡಿ ಉಳಿಯಿತು. ಬಗ್ಗಿದೆ, ಉಳಿಯಿತು. ಮನೆಯವಳನ್ನೂ ಜಯನನ್ನೂ ಹಜಾರಕ್ಕೆ ಕರೆದು ನಿಲ್ಲಿಸಿ ಅವರ ಮುಂದೆ ಮೂರು ಸಲ ಕೂತು ಎದ್ದೆ. ಜಯ ಚಪ್ಪಾಳೆ ತಟ್ಟಿದಳು. ಮನೆಯವಳು ಕೋಟಿನ ಪಕ್ಕದ ಹೊಲಿಗೆಯನ್ನು ಒಂದು ಗಳಿಗೆ ಹಿಡಿದು ನೋಡಿ ಒಲೆಯ ಕಡೆಗೆ ಹೋದಳು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಗಳ ವೀಳ್ಯಕ್ಕೆ ಅಪ್ಪ ತಕ್ಕವನಾಗಿ ನಿಲ್ಲುತ್ತಾನೆ ಎಂಬ ಧೈರ್ಯ ಅವತ್ತು ಬಂತು.

ವೀಳ್ಯದ ದಿನ ಬೆಳಿಗ್ಗೆ ಸ್ನಾನ ಮಾಡಿ, ಪಂಚೆ ಉಟ್ಟು, ಪೇಟ ಸುತ್ತಿಕೊಂಡು ಕೋಟಿಗೆ ಕಾದೆ. ಹಿಂದಿನ ಸೋಮವಾರ ಒಗೆಯಲು ಹಾಕಿದ್ದ ಕೋಟು ಬಂದಿರಲಿಲ್ಲ. ಮಲ್ಲಮ್ಮ ಹಿತ್ತಲ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದಳು.

"ಕೋಟು ಎಲ್ಲಿ ಮಲ್ಲಮ್ಮ?"

"ಬತ್ತಾ ಅದೆ ಗೌಡ್ರೇ."

"ಬತ್ತಾ ಅದೆ ಅಂದ್ರೆ? ಎಲ್ಲಿಂದ?"

"ಮಳ್ವಳ್ಳಿ ಬಸ್ಸಲ್ಲಿ. ಅಲ್ಲಿ ನನ್ ತಮ್ಮ ಅವ್ನಲ್ಲ, ಅವ್ನ್ ತಾವ ಒಳ್ಳೆ ಇಸ್ತ್ರಿ ಪೆಟ್ಗೆ ಅದೆ. ಸಾಸ್ತ್ರದ್ ದಿನ ಗರಿಗರಿಯಾಗಿರ್ಲಿ ಅಂತ ಕಳ್ಸಿದ್ದೆ. ಬೆಳಗ್ಗೆ ಬಸ್ಸಿಗೆ ಬಂದೇ ಬತ್ತದೆ ಅಂತ ಯೋಳಿ ಕಳ್ಸವ್ನೆ. ಸುಳ್ ಯೋಳಾನಲ್ಲ ಅವ್ನು."

ಮಂಡ್ಯದ ಕೋಟು ಇಸ್ತ್ರಿಗೆ ಮಳವಳ್ಳಿಗೆ ಏಕೆ ಹೋಗಬೇಕು ಎಂದು ಕೇಳುವಷ್ಟು ಹೊತ್ತಿರಲಿಲ್ಲ. ಬೀಗರು ಬರುವುದೂ ಅದೇ ಬಸ್ಸಿಗೆ. ಕೋಟು ಬೀಗರಿಗಿಂತ ಒಂದು ಗಳಿಗೆ ಮೊದಲು ಇಳಿದರೆ ಸಾಕಿತ್ತು. ಸದ್ಯಕ್ಕೆ ಕಂದು ಕೋಟನ್ನೇ ಹಾಕಿ, ಬಿಚ್ಚಿದ್ದ ಎರಡು ಗುಂಡಿಯ ಮೇಲೆ ಹೆಗಲ ವಲ್ಲಿಯನ್ನು ಇಳಿಬಿಟ್ಟುಕೊಂಡು ಬಸ್ಸು ನಿಲ್ಲುವ ಜಾಗಕ್ಕೆ ಓಡಿದೆ. ಮಲ್ಲಮ್ಮನೂ ಹಿಂದೆಯೇ ಬಂದಳು. ಇದ್ದಿಲ ಹೊಗೆಯ ಬಸ್ಸು ಕೆಮ್ಮುತ್ತ ಬಂದು ನಿಂತಿತು. ಬಾಗಿಲಿನಿಂದ ಮೊದಲು ಹೊರಬಂದದ್ದು ಒಂದು ಹೊಟ್ಟೆ. ಆ ಹೊಟ್ಟೆಯ ಮೇಲೆ ನೀಲಿ ಗಾಜಿನ ಗುಂಡಿ, ನಡುವೆ ಬಿಳಿ ಹೂವು. ಹೊಟ್ಟೆಯ ಹಿಂದೆ ಬೀಗರಾದ ಪುಟ್ಟೇಗೌಡರು ನಿಧಾನವಾಗಿ ಇಳಿದರು. ಕೋಟು ಅವರಿಗೆ ಅಳತೆ ತೆಗೆದು ಹೊಲಿಸಿದಷ್ಟು ಸರಿಯಾಗಿತ್ತು.

ನನ್ನ ಹಿಂದೆ ಮಲ್ಲಮ್ಮ, "ಅಯ್ಯೋ ಸಿವನೇ" ಎಂದು ಸಣ್ಣಗೆ ಅಂದದ್ದು ಕೇಳಿಸಿತು. ವಾರ ವಾರವೂ ಅವಳ ತಮ್ಮ ಆ ಕೋಟನ್ನು ಕೊಡುತ್ತಿದ್ದದ್ದು ಯಾರಿಗೆ ಎಂದು ಅವಳಿಗೂ ಆವರೆಗೆ ತಿಳಿದಿರಲಿಲ್ಲವಂತೆ. ಕೋಟು ಬಸ್ಸಿನಲ್ಲಿ ಬರುತ್ತದೆ ಎಂದು ಅವನು ಹೇಳಿದ್ದು ನಿಜ. ಯಾರ ಮೈಮೇಲೆ ಎಂದು ಹೇಳಿರಲಿಲ್ಲ. ನನಗೆ ಮೊದಲು ಬಂದದ್ದು ಕೋಪ. ಎದುರಿಗೆ ನಿಂತು, ತೆಗೀರಿ ನನ್ನ ಕೋಟು ಎನ್ನಬೇಕೆನ್ನಿಸಿತು. ಕೈ ಮಾತ್ರ ತಾನಾಗಿ ಮುಗಿದುಕೊಂಡಿತ್ತು. ಹೆಣ್ಣಿನ ಅಪ್ಪನ ಕೈಗೆ ಅದೊಂದು ಅಭ್ಯಾಸ.

ಮನೆ ಸೇರಿ, ಕೈಕಾಲಿಗೆ ನೀರು ಕೊಟ್ಟು, ಚಾಪೆಯ ಮೇಲೆ ಕೂರಿಸಿದೆವು. ನಾನು ಅವರ ಎದುರಿಗೇ ಕೂತಿದ್ದೆ. ನೋಡಬಾರದು ಎಂದುಕೊಂಡರೂ ಕಣ್ಣು ಕೋಟಿನ ಮೇಲೇ. ಪಕ್ಕದ ಹೊಲಿಗೆಯಲ್ಲಿ ಹಳೆಯ ದಾರದ ಗೆರೆ, ಅದರ ಪಕ್ಕ ಒಂದು ಹೊಸ ಗೆರೆ, ಅದರಾಚೆ ಇನ್ನೊಂದು. ತಿಂಗಳು ತಿಂಗಳೂ ನಾನು ಇಳಿದದ್ದೆಲ್ಲ ಅಲ್ಲಿ ಸಾಲಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಜಯ ವೀಳ್ಯದ ತಟ್ಟೆ ಹಿಡಿದು ಬಂದಳು. ಬಗ್ಗಿ ತಟ್ಟೆ ಇಡುವಾಗ ತನ್ನ ಗೌನಿನ ಗುಂಡಿ ಮಾವನ ಹೊಟ್ಟೆಯ ಮೇಲೆ ಕಂಡಿತು. ಒಂದು ಗಳಿಗೆ ಮಿಕಮಿಕ ನೋಡಿದಳು. ಆಮೇಲೆ ತಡೆಯಲಾರದೆ ಕಿಸಕ್ಕೆಂದು ನಕ್ಕಳು. ಮನೆಯವಳು ಬಾಗಿಲ ಮರೆಯಲ್ಲಿ ತಲೆಗೆ ಕೈಹೊತ್ತಳು. ಮರ್ಯಾದಸ್ಥರ ಮುಂದೆ ಹುಡುಗಿ ನಕ್ಕಳು, ಮುಗಿಯಿತು ಈ ಸಂಬಂಧ ಎಂದುಕೊಂಡೆ.

"ಯಾಕವ್ವ ನಗ್ತೀಯ?" ಎಂದರು ಪುಟ್ಟೇಗೌಡರು.

"ಏನಿಲ್ಲ ಮಾವ, ಕೆಳಗಿನ್ ಗುಂಡಿ ಚೆಂದಾಗದೆ" ಎಂದಳು ಜಯ.

ಅವರು ಕುತ್ತಿಗೆ ಬಗ್ಗಿಸಿ ನೋಡಿಕೊಳ್ಳಲು ಯತ್ನಿಸಿದರು. ಆಗಲಿಲ್ಲ. "ಅದು ನಂಗೆ ಕಾಣಾಕಿಲ್ಲ ಕಣವ್ವ. ಆರು ವರ್ಸ ಆಯ್ತು ಅತ್ಲಾಗೆ ನೋಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಬೀಗ್ರೇ, ಸುಳ್ ಯಾಕೆ ಯೋಳ್ಳಿ, ಈ ಕೋಟು ನಂದಲ್ಲ. ಬಟ್ಟೆ ಎಲ್ಲದೆ ಈಗ? ನಮ್ಮ ಅಗ್ಸ ಯಾರ್ದೋ ಮಂಡ್ಯದೋರ್ದು ತಂದ್ಕೊಡ್ತಾನೆ. ಉಗಾದಿ ಆದ್ಮೇಲಿಂದ ಎಲ್ಲಾ ಮದ್ವೆಗೂ ಇದ್ನೇ ಆಕ್ಕಂಡು ಓಗಿವ್ನಿ. ಮದ್ವೇಲಿ ಉಣ್ಣಾದು, ಬಂದು ಒಲಿಗೆ ಬಿಚ್ಸಾದು, ತಿರ್ಗಾ ಇನ್ನೊಂದ್ ಮದ್ವೆ. ಪುಣ್ಯಾತ್ಮ ದರ್ಜಿ ಒಳ್ಗಡೆ ಬೇಕಾದಷ್ಟು ಬಟ್ಟೆ ಬುಟ್ಟವ್ನೆ" ಎಂದರು.

ಇಷ್ಟು ಹೊತ್ತು ನಾನು ಹೆದರಿದ್ದ ಮರ್ಯಾದಸ್ಥರು ಇವರೇ. ಬಿಚ್ಚಿದ ಗುಂಡಿಯನ್ನು ವಲ್ಲಿಯಿಂದ ಮುಚ್ಚಿಕೊಂಡು ಕೂತಿದ್ದ ನನಗೆ ನಾಚಿಕೆಯಾಯಿತು. ಇನ್ನೇನು ನಾನೂ ಬಾಯಿಬಿಟ್ಟು, ಬೀಗರೇ, ಅದು ನನ್ನದೇ ಕೋಟು ಎಂದು ಹೇಳಿ ಇಬ್ಬರೂ ನಕ್ಕುಬಿಡಬೇಕು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವರು ಕೋಟಿನ ಅಂಚನ್ನು ಸವರುತ್ತ ಮುಂದುವರಿಸಿದರು.

"ಪಾಪ, ಯಾರೋ ಬೋ ಸಣಕಲ ಮನ್ಸಂದು ಇರ್ಬೇಕು ಬೀಗ್ರೇ. ಮೊದ್ಲು ತಂದಾಗ ನನ್ ಒಂದ್ ತೋಳೂ ಇದ್ರೊಳಕ್ಕೆ ಓಗ್ನಿಲ್ಲ."

ನಾನು ಬಾಯಿ ಮುಚ್ಚಿದೆ. ಐದು ತಿಂಗಳು ಪೇಟೆಬೀದಿಯಲ್ಲಿ ತಿರುತಿರುಗಿ ನಿಂತು ಒಬ್ಬರ ಬಾಯಿಂದಲೂ ಹೊರಡಿಸಲಾಗದಿದ್ದ ಮಾತು ನನ್ನ ಮನೆಯ ಚಾಪೆಯ ಮೇಲೆ, ತಾನಾಗಿ, ಒಬ್ಬ ಮರ್ಯಾದಸ್ಥರ ಬಾಯಿಂದ ಬಂದಿತ್ತು. ಕೋಟು ನನ್ನದೆಂದರೆ ಆ ಮಾತು ಅವರ ಕಣ್ಣೆದುರಿಗೇ ಸುಳ್ಳಾಗುತ್ತದೆ. ಕೋಟು ಹೋದರೆ ಹೋಗಲಿ ಎನ್ನಿಸಿತು.

"ಇರಬಹುದು" ಎಂದೆ.

"ಅವನ್ನ ಪತ್ತೆ ಮಾಡಿ ಮದ್ವೆಗೆ ಕರೀರಿ. ಒಂದ್ ದಿನನಾದ್ರೂ ಒಟ್ಟೆ ತುಂಬ ಉಣ್ಲಿ. ಅವನ್ ಕೋಟಲ್ಲಿ ನಾನು ಬೋ ಉಂಡಿವ್ನಿ" ಎಂದರು ಪುಟ್ಟೇಗೌಡರು. ಬಾಗಿಲ ಮರೆಯಲ್ಲಿ ಮನೆಯವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಿತ್ತಲಲ್ಲಿ ಮಲ್ಲಮ್ಮ ಉಸಿರು ಬಿಟ್ಟಳು. ವೀಳ್ಯ ಬದಲಾಯಿಸಿಕೊಂಡೆವು.

ಅವರು ಹೋದಮೇಲೆ ಮನೆಯವಳು ಗೋಡೆಗೆ ಒರಗಿ ನಕ್ಕಳು. ಹೊಲಿಗೆ ಬಿಚ್ಚಿರುವುದನ್ನು ಅವಳು ಬಹಳ ಹಿಂದೆಯೇ ಕಂಡಿದ್ದಳಂತೆ. "ನೀವೇ ಕದ್ದು ದರ್ಜಿ ತಾವ ಬಿಚ್ಸ್ಕತಾ ಇದ್ದೀರಿ, ನಮ್ ಮುಂದೆ ಸಣ್ಣಗಾದೆ ಅಂತ ಮೆರೀತಾ ಇದ್ದೀರಿ ಅಂದ್ಕಂಡಿದ್ದೆ. ಮೆರೀಲಿ ಪಾಪ ಅಂತ ಸುಮ್ಕಿದ್ದೆ" ಎಂದಳು.

"ಹಾಗಾದರೆ ನಾನು ಒಂದು ಚೂರೂ ಇಳಿದಿಲ್ಲವೇ? ಐದು ತಿಂಗಳು ಒಂದೇ ಮುದ್ದೆ ಉಂಡಿದ್ದೇನಲ್ಲ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂದೇ ಮುದ್ದೆ ಸಾಕು ಅಂದ್ರಿ. ಎಷ್ಟು ದಪ್ಪ ಅಂತ ಯೋಳಿದ್ರಾ? ಗಂಡಸು ಅಸ್ಕಂಡ್ ಮಲಗ್ದ್ರೆ ನಂಗೆ ಉಂಡದ್ದು ಸೇರ್ತದಾ?" ಎಂದಳು.

ಎರಡು ಮುದ್ದೆಯನ್ನು ಸೇರಿಸಿ ಒಂದಾಗಿ ಕಟ್ಟುತ್ತಿದ್ದಳಂತೆ, ಮೊದಲನೆಯ ದಿನದಿಂದಲೂ. ಗಾಡಿ ನೋಡಿಯೇ ತೂಕ ಹೇಳುತ್ತಿದ್ದ ನನ್ನ ಕಣ್ಣಿಗೆ, ದಿನವೂ ಮುಂದೆ ತಂದಿಟ್ಟ ಮುದ್ದೆಯ ಗಾತ್ರ ಕಾಣಲಿಲ್ಲ. ಕೋಪ ಬರಬೇಕಾಗಿತ್ತು. ಬರಲಿಲ್ಲ. ಐದು ತಿಂಗಳು ನಾನು ಹಸಿದುಕೊಂಡು ಮಲಗದಿದ್ದದ್ದು ಹೇಗೆಂದು ತಿಳಿದು, ಅವಳ ಮುಖ ನೋಡಲು ಒಂದು ಥರ ಸಂಕೋಚವಾಯಿತು.

ಮಾರನೆಯ ದಿನ ಮಲ್ಲಮ್ಮ ಕೋಟನ್ನು ಮಡಿಸಿ ತಂದು ನನ್ನ ಮುಂದಿಟ್ಟು ತಲೆ ತಗ್ಗಿಸಿ ನಿಂತಳು. ಅವಳನ್ನು ನಾನು ಯಾವ ಬಾಯಿಂದ ಬೈಯಲಿ? ಅವಳ ಗಂಟಿನಲ್ಲಿ ಹೋಗಿ ಬರುತ್ತಿದ್ದ ಆ ಕೋಟೊಂದೇ ನನ್ನನ್ನು ತೆಳ್ಳಗೆ ಮಾಡಿತ್ತು. ಮದುವೆಯಲ್ಲಿ ಬೀಗರಿಗೆ ಉಡುಗೊರೆಯಾಗಿ ಬಟ್ಟೆ ಕೊಡಬೇಕಾಗಿತ್ತು, ಹೊಸ ಬಟ್ಟೆಯಂತೂ ಸಿಕ್ಕುವಂತಿರಲಿಲ್ಲ. ಆ ಕೋಟನ್ನೇ ಗಂಜಿ ಹಾಕಿಸಿ ತಟ್ಟೆಯಲ್ಲಿಟ್ಟು ಕೊಟ್ಟೆ. ಆ ಸಣಕಲ ಮನುಷ್ಯನನ್ನು ಪತ್ತೆ ಮಾಡಿ ಕೇಳಿ ಇಸಿದುಕೊಂಡೆ ಎಂದು ಹೇಳಿದೆ. ಪುಟ್ಟೇಗೌಡರಿಗೆ ಬಹಳ ಸಂತೋಷವಾಯಿತು. ಅಲ್ಲೇ ಹಾಕಿಕೊಂಡು ಚಪ್ಪರದ ತುಂಬ ಓಡಾಡಿದರು. ನಾನು ಕಂದು ಕೋಟಿನಲ್ಲಿ ಓಡಾಡಿದೆ. ಯಾರೂ ನನ್ನ ಹೊಟ್ಟೆಯನ್ನು ನೋಡಲಿಲ್ಲ. ಹೆಣ್ಣಿನ ಅಪ್ಪನ ಹೊಟ್ಟೆಯನ್ನು ಯಾರೂ ನೋಡುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹೆಣ್ಣನ್ನು ಕಳಿಸಿಕೊಡುವ ಹೊತ್ತು. ಜಯ ಅತ್ತಳು, ನಾನೂ ಅತ್ತೆ. ಬಸ್ಸು ಹತ್ತುವ ಮೊದಲು ಪುಟ್ಟೇಗೌಡರು ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದರು. ಮಗಳ ವಿಷಯ ಏನೋ ಹೇಳುತ್ತಾರೆ ಎಂದುಕೊಂಡೆ.

"ಅವ್ನು ಬಂದಿದ್ನಾ ಬೀಗ್ರೇ? ಆ ಸಣಕಲ?"

"ಬಂದಿದ್ದ."

"ಉಂಡ್ನಾ?"

"ಉಂಡ. ಕೊನೆಯ ಪಂಕ್ತಿಯಲ್ಲಿ ಕೂತ" ಎಂದೆ. ಎಷ್ಟು ಉಂಡ ಎಂದು ಅವರು ಕೇಳಲಿಲ್ಲ. ನಾನೂ ವಲ್ಲಿ ಸರಿಮಾಡಿಕೊಂಡು ನಿಂತೆ. ಅಷ್ಟು ಹೊತ್ತಿಗೆ ಕಂದು ಕೋಟಿನ ಮೂರನೆಯ ಗುಂಡಿಯೂ ಬಿಟ್ಟಿತ್ತು.